ಕೆರೆ ನೀರಲ್ಲಿ ಓಡಾಡೋ ಪುಟ್ಟ ಜೀವಿಗಳನ್ನ ನೋಡೋಕೆ ಫೋಲ್ಡ್‌ಸ್ಕೋಪಾ, ಕಾಂಪೌಂಡ್ ಮೈಕ್ರೋಸ್ಕೋಪಾ?

ಮೈಸೂರಿನ ಕುಕ್ಕರಹಳ್ಳಿ ಕೆರೆ ದಡದ ಪಾಚಿ ನೀರು ಒಂದು ಬಾಟ್ಲಿ ತಂದು ಎರಡರಲ್ಲೂ ಅದೇ ನೀರನ್ನ ನೋಡಿದೀನಿ. ಒಂದು, ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡದವರು 2014ರಲ್ಲಿ ಹೊರಗೆ ತಂದ ಪೇಪರ್ ಮಡಚಿ ಮಾಡೋ ಮೈಕ್ರೋಸ್ಕೋಪ್, ಫೋಲ್ಡ್‌ಸ್ಕೋಪ್. ಇನ್ನೊಂದು ಕಾಲೇಜ್ ಲ್ಯಾಬಲ್ಲಿ ಇರುತ್ತಲ್ಲ, 4, 10, 40 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡ್ ಹತ್ತಿರದ ಲೆನ್ಸು, ಕಣ್ಣಿನ ಹತ್ತಿರದ ಲೆನ್ಸು ಅದನ್ನ ಇನ್ನೂ ದೊಡ್ಡದು ಮಾಡುತ್ತೆ) ಇರೋ ಮಾಮೂಲಿ ಕಾಂಪೌಂಡ್.

ಬರೀ ಓಡಾಟ ನೋಡ್ಬೇಕು ಅಂದ್ರೆ ಕಾಂಪೌಂಡೇ ಗೆಲ್ಲೋದು, ಅದೂ 40 ಅಲ್ಲ, 10ರಲ್ಲಿ. ಎಲ್ರೂ ದೊಡ್ಡದಾಗಿ ಕಾಣ್ಲಿ ಅಂತ ಸೀದಾ 40ಕ್ಕೆ ಹೋಗ್ತಾರೆ, ಆದ್ರೆ ಪ್ಯಾರಮೀಸಿಯಂ ಅನ್ನೋ ಒಂದೇ ಕೋಶದ ಜೀವಿ ಸೆಕೆಂಡಿಗೆ ಹೆಚ್ಚುಕಮ್ಮಿ 1 ಮಿ.ಮೀ. ಈಜುತ್ತೆ, 40ರಲ್ಲಿ ಕಾಣೋ ಜಾಗ ಅರ್ಧ ಮಿ.ಮೀ. ಆಸುಪಾಸು ಅಷ್ಟೆ, ಬಂತು ಅನ್ನೋಷ್ಟ್ರಲ್ಲಿ ಹೋಗಿರುತ್ತೆ. 10ರಲ್ಲಿ ಅದು ಮೈ ತಿರುಗಿಸ್ಕೊಂಡು ಬಂದು ಪಾಚಿ ಎಳೆಗೆ ಡಿಕ್ಕಿ ಹೊಡ್ದು, ಒಂಚೂರು ರಿವರ್ಸ್ ತಗೊಂಡು ಬೇರೆ ಕಡೆ ಹೊರಡೋದು ಪೂರ್ತಿ ಕಾಣುತ್ತೆ. ಹನಿ ಮೇಲೆ ಮುಚ್ಚೋ ತೆಳು ಗಾಜು, ಅಂದ್ರೆ ಕವರ್ ಸ್ಲಿಪ್ ಕೆಳಗೆ ಹತ್ತಿ ಎಳೆ ನಾಲ್ಕೈದು ಬಿಡಿಸಿ ಹಾಕಿದ್ರೆ ಮಧ್ಯೆ ಸಿಕ್ಕಾಕೊಂಡು ಇನ್ನೂ ನಿಧಾನ ಆಗುತ್ತೆ. ದಂಟಿನ ತುದೀಲಿ ಗಂಟೆ ಥರ ಇರೋ ವೋರ್ಟಿಸೆಲ್ಲಾ ಅನ್ನೋ ಜೀವಿ ಸಿಕ್ರೆ ಟೇಬಲ್‌ನ ಬೆರಳಲ್ಲಿ ಮೆಲ್ಲಗೆ ತಟ್ಟಿ, ದಂಟು ಸ್ಪ್ರಿಂಗ್ ಥರ ಸರಕ್ಕಂತ ಸುತ್ಕೊಳುತ್ತೆ, ಆಮೇಲೆ ಆರಾಮಾಗಿ ಬಿಚ್ಕೊಳುತ್ತೆ. ಎಷ್ಟು ಸಲ ನೋಡಿದ್ರೂ ನಂಗೆ ಬೇಜಾರಾಗಿಲ್ಲ. 40 ಅಮೀಬಾಗೆ ಇಟ್ಕೊಳಿ, ಅದಕ್ಕೇನೂ ಅರ್ಜೆಂಟ್ ಇಲ್ಲ.

ಕಾಂಪೌಂಡಲ್ಲಿ ಒಂದೇ ರಗಳೆ, ಚಿತ್ರ ಉಲ್ಟಾ. ಜೀವಿ ಬಲಕ್ಕೆ ಓಡಿದ್ರೆ ಸ್ಲೈಡನ್ನೂ ಬಲಕ್ಕೇ ತಳ್ಬೇಕು, ಕೈಗೆ ಅಭ್ಯಾಸ ಆಗೋವರೆಗೂ ತಲೆ ಕೆಡುತ್ತೆ.

ಫೋಲ್ಡ್‌ಸ್ಕೋಪಲ್ಲಿ ಒಂದೇ ಒಂದು ಪುಟ್ಟ ಗುಂಡು ಲೆನ್ಸು, ಚಿತ್ರ ನೆಟ್ಟಗೇ ಇರುತ್ತೆ, 140 ಪಟ್ಟು ದೊಡ್ಡದಾಗಿ ಕಾಣುತ್ತೆ, ಪೇಪರಲ್ಲಿ ಮಾಡಿದ್ದಕ್ಕೆ ಇದು ಸಖತ್ತೇ. ಆದ್ರೆ ಅಂಚು ಮಸುಕು, ಹೆಬ್ಬೆರಳಲ್ಲೇ ಫೋಕಸ್ ಮಾಡ್ಬೇಕು, ಬೆಳಕಿಗೆ ಎತ್ತಿ ಹಿಡಿದ್ರೆ ಹನಿ ಕೆಳಗೆ ಜಾರೋಕೆ ಶುರು, ಅದರ ಜೊತೆ ಕೈ ನಡುಕ ಬೇರೆ. ಯಾವ್ದು ಈಜ್ತಿದೆ ಯಾವ್ದು ತೇಲ್ತಿದೆ ಅನ್ನೋದೇ ಕನ್ಫ್ಯೂಸ್. ಎಲ್ಲಾ ಒಂದೇ ಕಡೆ ಸರೀತಿದ್ರೆ ಅದು ನೀರು ಇಲ್ಲಾ ನಿಮ್ಮ ಕೈ, ಒಂದು ಮಾತ್ರ ಎದುರು ಹೋಗ್ತಿದ್ರೆ ಅದಕ್ಕೆ ಜೀವ ಇದೆ ಅಂತ. ಕೆರೆ ಏರಿ ಮೇಲೆ ನಿಂತು ಅಲ್ಲೇ ನೋಡೋಕೆ, ಮಕ್ಕಳ ಕೈಗೆ ಕೊಡೋಕೆ ಇದೇ ಸರಿ.

ಬಾಕ್ಸ್ ಮೇಲೆ 1200 ಪಟ್ಟು ಅಂತ ಬರ್ದಿರೋ ಪ್ಲಾಸ್ಟಿಕ್ ಆಟಿಕೆ ಸೆಟ್ಟು ಮಾತ್ರ ಬೇಡ, ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಹುಡುಕಿ.