ಹಗುರ ಬಾಣವೋ, ಭಾರದ ಬಾಣವೋ: ಒಂದೇ ಬಿಲ್ಲು, ಮೂರು ತೂಕ

ಗಂಗಾವತಿ ಕಡೆ ಭತ್ತದ ಕೊಯ್ಲು ಮುಗಿದರೆ ಹುಲ್ಲಿಗೆ ಬರವಿಲ್ಲ. ಬಿಗಿಯಾಗಿ ಕಟ್ಟಿ, ಗೋಣಿಚೀಲ ಹೊದಿಸಿ, ಮಣ್ಣಿನ ದಿಬ್ಬಕ್ಕೆ ಆನಿಸಿದರೆ ಗುರಿ ಸಿದ್ಧ. ಸೈಟ್ (ಗುರಿ ನೋಡುವ ಸಾಧನ) ಇಲ್ಲದ, ತುದಿ ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲು; ನಾನು ಪೂರ್ತಿ ಸೆಳೆದಾಗ ಅದರ ಬಲ 40 ಪೌಂಡ್. ಬಾಣ ಮೂರು ಬಗೆ: 320 ಗ್ರೇನ್ ಕಾರ್ಬನ್, ಅದೇ ಕಡ್ಡಿಗೆ ಭಾರದ ಮೊನೆ ಕೂಡಿಸಿದ 400 ಗ್ರೇನ್, 520 ಗ್ರೇನ್ ಬಿದಿರು. ಗ್ರಾಂ ಲೆಕ್ಕದಲ್ಲಿ ಸುಮಾರು 21, 26, 34. ಬಿಲ್ಲಿನ ಒಂದು ಪೌಂಡಿಗೆ 8, 10, 13 ಗ್ರೇನ್ ಬಿತ್ತು; ಬಿಲ್ಲುಗಾರರು ತೂಕ ಅಳೆಯುವುದು ಹೀಗೆಯೇ.

ಹಗುರದ್ದು ಕಣ್ಣಿಗೆ ಹಬ್ಬ. ಸರ್ರನೆ ಹೋಗಿ ನಾಟುತ್ತದೆ, ದೂರದ ಅಂದಾಜು ಒಂದೆರಡು ಹೆಜ್ಜೆ ತಪ್ಪಿದರೂ ಗುರಿ ಕೈತಪ್ಪುವುದಿಲ್ಲ. ಆದರೆ ಹೆದೆ ಟಣ್ ಅನ್ನುತ್ತದೆ, ಬಿಲ್ಲು ಹಿಡಿದ ಕೈ ಜುಮ್ಮೆನ್ನುತ್ತದೆ. ಬಾಣ ಹೊತ್ತೊಯ್ಯದ ಶಕ್ತಿ ಬಿಲ್ಲಿನಲ್ಲೇ ಉಳಿಯುವುದರ ಗುರುತು ಅದು. ಇನ್ನೂ ಹಗುರಕ್ಕಿಳಿದರೆ ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಟ್ಟಂತಾಗಿ, ಬಿಲ್ಲಿನ ರೆಕ್ಕೆ (ಬಾಗುವ ಭಾಗ) ಸೀಳಬಹುದು.

ಬಿದಿರಿನದು ಬೇರೆಯೇ ಜಾತಿ. ದಪ್ಪನೆಯ ಸಣ್ಣ ಸದ್ದು, ಕೈಗೆ ಅದುರಿಲ್ಲ, ಹುಲ್ಲಿನೊಳಗೆ ಎದ್ದು ಕಾಣುವಷ್ಟು ಆಳ. ಬೆಲೆ ತೆರುವುದು ದೂರದಲ್ಲಿ. ಒಂದೇ ಕಡೆ ಗುರಿಯಿಟ್ಟರೆ 10 ಮೀಟರಿಗೆ ಹಗುರದ್ದಕ್ಕಿಂತ ನಾಲ್ಕು ಬೆರಳಷ್ಟೇ ಕೆಳಗೆ, 20ಕ್ಕೆ ಒಂದಡಿ, 30ಕ್ಕೆ ಎರಡಡಿಗೂ ಮಿಕ್ಕಿ. ಆಷಾಢದ ಗಾಳಿಯಲ್ಲಂತೂ ದಪ್ಪ ಕಡ್ಡಿ, ಅಗಲ ಗರಿ ಎರಡೂ ಸೇರಿ ಪಕ್ಕಕ್ಕೆ ಸರಿಯುತ್ತದೆ. ಬಿದಿರಿನ ಒಂದೊಂದು ಕಡ್ಡಿಗೂ ಒಂದೊಂದು ತೂಕ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ಆರಿಸಿ ಜೊತೆಮಾಡದಿದ್ದರೆ ಒಂದು ಮೇಲೆ, ಒಂದು ಕೆಳಗೆ.

ಹೊರದೇಶದ ಬೇಟೆಗಾರರು ಭಾರಕ್ಕೆ ಜೋತುಬೀಳುವುದೇಕೆಂದು ಇಲ್ಲಿ ತಿಳಿಯುತ್ತದೆ. ಎಲುಬಿಗೆ ತಾಗಿದರೂ ಬಾಣ ನಿಲ್ಲಬಾರದು, ಹೆದೆಯ ಸದ್ದಿಗೆ ಜಿಂಕೆ ನೆಗೆಯಬಾರದು. ಬೇಟೆ ಬಾಣಗಳ ಮೇಲೆ ಆಫ್ರಿಕಾದಲ್ಲಿ ಪ್ರಯೋಗ ಮಾಡಿದ ಡಾ. ಎಡ್ ಆಶ್‌ಬಿ ದಪ್ಪ ಎಲುಬು ಸೀಳಲು ಸುಮಾರು 650 ಗ್ರೇನ್ ಬೇಕೆಂದರು. ನನ್ನ ಬಿಲ್ಲಿಗೆ ಅದು ಪೌಂಡಿಗೆ 16 ಗ್ರೇನ್. 30 ಮೀಟರಿಗೆ ಆಕಾಶ ನೋಡಿ ಬಿಡಬೇಕಾದೀತು! ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆಯ ಮಾತೇ ಇಲ್ಲ. ನಾವು ಗುರಿಯಿಡುವ ಹಂದಿ ಫೋಮಿನ ಬೊಂಬೆ, ಅದಕ್ಕೆ ಎಲುಬೂ ಇಲ್ಲ, ಕಿವಿಯೂ ಇಲ್ಲ. ಹಾಗಾಗಿ ಅಷ್ಟು ಭಾರ ನಮಗೆ ದಂಡ.

ನಡುವಿನ 400 ಮೊದಲು ಸತಾಯಿಸಿತು. ಮೊನೆ ಭಾರವಾದಷ್ಟೂ ಕಡ್ಡಿ ಹೆಚ್ಚು ಬಳುಕಿ, ಬಲಗೈಯವರ ಬಾಣ ಬಲಕ್ಕೆ ಹೋಗುತ್ತದೆ. ಕಡ್ಡಿಯನ್ನು ಚೂರು ಚೂರೇ ಕತ್ತರಿಸುತ್ತ ಬಂದಾಗ ಬಿಗಿಯಾಗಿ ದಾರಿಗೆ ಬಂತು. ಸದ್ದು ಬಿದಿರಿಗೆ ಹತ್ತಿರ, ಓಟ ಹಗುರದ್ದಕ್ಕೆ ಹತ್ತಿರ. ಕಾರ್ಬನ್‌ಗೆ ಒಂದೇ ಶತ್ರು, ನಮ್ಮ ಸೀಮೆಯ ಬಂಡೆ. ತಾಗಿದ ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ. ಚಿಟಿಚಿಟಿ ಅಂದರೆ ಎಸೆಯಿರಿ. ಬಿರುಕು ಬಿಟ್ಟದ್ದು ಹೆದೆಯ ಮೇಲೆ ಮುರಿದರೆ ಸೀಳು ಕೈಯೊಳಗೇ ಹೊಗುತ್ತದೆ.

ಈಗ 20 ಮೀಟರ್ ಒಳಗೆ ಬಿದಿರೇ ನನ್ನ ಆಯ್ಕೆ, ಅದರಾಚೆ 400. ಹಗುರದ್ದನ್ನು ಪೂರ್ತಿ ಬಿಟ್ಟೆ. ಹೊಸದಾಗಿ ಕೊಳ್ಳುವವರು ಮೂರು ಜೊತೆ ಬಾಣಕ್ಕೆ ದುಡ್ಡು ಸುರಿಯಬೇಡಿ. ಉದ್ದ ಕಡ್ಡಿಯ ಒಂದೇ ಜೊತೆ, ಬೇರೆ ಬೇರೆ ತೂಕದ ತಿರುಪು ಮೊನೆ ತಂದುಕೊಂಡರೆ ಸಾಕು. ಮೊನೆ ಯಾವುದೆಂದು ಗೊತ್ತಾದ ಮೇಲೆಯೇ ಕಡ್ಡಿ ಕತ್ತರಿಸಿ.