ಊಟದ ಮೇಜಿನ ಮೇಲೆ ಹತ್ತು ಚಕ್ರದ ಲಾರಿ: ತಮಿಯಾ ಸ್ಕ್ಯಾನಿಯಾ ಆರ್620 ಮತ್ತು ಕಂಟೇನರ್ ಟ್ರೇಲರ್

ಜಪಾನಿನ ಶಿಜುಓಕಾ ನಗರದ ತಮಿಯಾ ಕಂಪನಿ ತಯಾರಿಸುವ ಸ್ಕ್ಯಾನಿಯಾ ಆರ್620 ಲಾರಿಯ ಕಿಟ್ಟನ್ನು ಮತ್ತು ಅದರ ಬೆನ್ನಿಗೆ ಹೂಡುವ ನಲವತ್ತು ಅಡಿ ಕಂಟೇನರ್ ಟ್ರೇಲರಿನ ಕಿಟ್ಟನ್ನು ಕಟ್ಟಿ ಮುಗಿಸಲು ನನಗೆ ಕಚೇರಿಯಿಂದ ಮರಳಿದ ಮೇಲಿನ ಸಂಜೆಗಳೂ ಭಾನುವಾರಗಳೂ ಸೇರಿ ಐದು ತಿಂಗಳು ಹಿಡಿದವು. ಎರಡೂ ರಿಮೋಟಿನಿಂದ ಓಡುವ 1/14 ಪ್ರಮಾಣದ ಮಾದರಿಗಳು, ಅಂದರೆ ನಿಜವಾದ ವಾಹನದ ಹದಿನಾಲ್ಕು ಅಡಿ ಇಲ್ಲಿ ಒಂದು ಅಡಿಯಾಗುತ್ತದೆ. ಇವುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಓಡಿಸುವ ಸುಖಕ್ಕಾಗಿ ಮಾತ್ರ ಇವನ್ನು ಕೊಳ್ಳುವವರು ಆ ಹಣವನ್ನು ಬೇರೆ ಯಾವುದಾದರೂ ರಿಮೋಟ್ ಕಾರಿಗೆ ಹಾಕುವುದು ಮೇಲು. ಆದರೆ ಗ್ಯಾರೇಜಿನಲ್ಲಿ ಲಾರಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡುತ್ತ ನಿಂತು ದೊಡ್ಡವರಿಂದ ಬೈಸಿಕೊಂಡ ಬಾಲ್ಯವುಳ್ಳವರಿಗೆ ಇದರಷ್ಟು ತಕ್ಕ ವಸ್ತು ಇನ್ನೊಂದಿಲ್ಲ.

ಅನೇಕ ಮಾದರಿಗಳಿರುವಾಗ ನಾನು ಸ್ಕ್ಯಾನಿಯಾವನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಸ್ವೀಡನ್ನಿನ ಈ ಕಂಪನಿ ಕೋಲಾರದ ಹಾದಿಯ ನರಸಾಪುರದಲ್ಲಿ ಕೆಲವು ವರ್ಷ ಘಟಕ ನಡೆಸಿತ್ತು. ಕೆಎಸ್‌ಆರ್‌ಟಿಸಿಯ ಸ್ಕ್ಯಾನಿಯಾ ಬಸ್ಸುಗಳಲ್ಲಿ ರಾತ್ರಿ ಪ್ರಯಾಣ ಮಾಡಿದವರೂ ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದರೆ ಈ ಕಿಟ್ಟು ಅನುಕರಿಸುವ ಲಾರಿ ಬಸ್ಸುಗಳ ಬಂಧುವಾದರೂ ಬೇರೆಯೇ ಜಾತಿಯದು. ಅದು ಯುರೋಪಿನ ಹೆದ್ದಾರಿಗಳಲ್ಲಿ ಭಾರ ಎಳೆಯುವ, 620 ಅಶ್ವಶಕ್ತಿಯ ವಿ8 ಎಂಜಿನ್ನಿನ ಟ್ರ್ಯಾಕ್ಟರ್, ಅಂದರೆ ಟ್ರೇಲರನ್ನು ಎಳೆಯುವ ಮುಂಭಾಗದ ಲಾರಿ. ಮುಂದೆ ಎರಡು, ಹಿಂದೆ ಎಂಟು ಚಕ್ರಗಳು, ಹಿಂದಿನ ಎರಡು ಆಕ್ಸೆಲ್‌ಗಳಿಗೂ ಎಂಜಿನ್ನಿನ ಬಲ. ತಮಿಯಾ ಈಚೆಗೆ ಸ್ಕ್ಯಾನಿಯಾದ 770 ಎಸ್ ಮಾದರಿಯನ್ನೂ ತಂದಿದೆ. ಕಟ್ಟುವ ಕೆಲಸದ ಸ್ವರೂಪ ಅದರಲ್ಲಿಯೂ ಹೆಚ್ಚುಕಡಿಮೆ ಇದೇ ಆದುದರಿಂದ ಮುಂದೆ ಹೇಳುವ ಬಹುಪಾಲು ಮಾತು ಅದಕ್ಕೂ ಸಲ್ಲುತ್ತದೆ.

ಪೆಟ್ಟಿಗೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಕೊಳ್ಳುವ ಮೊದಲು ತಿಳಿಯುವುದು ಮುಖ್ಯ. ಬಿಡಿಭಾಗಗಳು, ತಿರುಪುಗಳು, ಟೈರುಗಳು ಮತ್ತು 540 ದರ್ಜೆಯ ಒಂದು ಮೋಟಾರು ಇವೆ. ನಾಲ್ಕು ಚಾನೆಲ್‌ನ ರಿಮೋಟು ಮತ್ತು ರಿಸೀವರು, ಸ್ಟೀರಿಂಗಿಗೊಂದು ಮತ್ತು ಗೇರಿಗೊಂದು ಸರ್ವೊ (ರಿಮೋಟಿನ ಆಜ್ಞೆಯಂತೆ ಅವನ್ನು ತಿರುಗಿಸುವ ಪುಟ್ಟ ಮೋಟಾರು), ವೇಗ ನಿಯಂತ್ರಕ, 7.2 ವೋಲ್ಟಿನ ಬ್ಯಾಟರಿ, ಚಾರ್ಜರು, ಬಣ್ಣ, ಇವು ಯಾವುವೂ ಇಲ್ಲ. ದೀಪ ಮತ್ತು ಸದ್ದಿಗೆ ಬೇಕಾದ ಎಂಎಫ್‌ಸಿ ಎಂಬ ನಿಯಂತ್ರಣ ಘಟಕವೂ ಬೇರೆಯೇ. ಲಾರಿ, ಟ್ರೇಲರ್, ಈ ಘಟಕ, ರಿಮೋಟು ಎಲ್ಲವನ್ನೂ ಕೂಡಿಸಿ ಸಾಗಣೆ ವೆಚ್ಚ ಮತ್ತು ಸುಂಕವನ್ನು ಸೇರಿಸಿದಾಗ ನನ್ನ ಲೆಕ್ಕ ಒಂದು ಹೊಸ ಸ್ಕೂಟರಿನ ಬೆಲೆಯ ಆಸುಪಾಸಿಗೆ ಬಂದು ನಿಂತಿತು. ಮನೆಯಲ್ಲಿ ಈ ಮೊತ್ತವನ್ನು ನಾನು ಕಂತು ಕಂತಾಗಿ ತಿಳಿಸಿದೆ.

ಕಟ್ಟುವ ಕೆಲಸ ಆರಂಭವಾಗುವುದು ಚಾಸಿಯಿಂದ. ಅಲ್ಯೂಮಿನಿಯಮ್ಮಿನ ಎರಡು ಉದ್ದನೆಯ ಪಟ್ಟಿಗಳಿಗೆ ಅಡ್ಡಪಟ್ಟಿಗಳನ್ನು ಬಿಗಿದು ಏಣಿಯಂಥ ಚೌಕಟ್ಟನ್ನು ಮಾಡಬೇಕು. ದಾರಿಯಲ್ಲಿ ನಾವು ನೋಡುವ ಲಾರಿಗಳ ಬೆನ್ನೆಲುಬೂ ಇದೇ ಆಕಾರದ್ದು. ಇಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲವೂ ಸೊಟ್ಟಗಾಗುತ್ತದೆ. ತಿರುಪುಗಳನ್ನು ಮೊದಲು ಸಡಿಲವಾಗಿ ಹಾಕಿ, ಚೌಕಟ್ಟನ್ನು ಗಾಜಿನ ಹಲಗೆಯ ಮೇಲೆ ಇಟ್ಟು, ನಾಲ್ಕು ಮೂಲೆಗಳೂ ಅಲುಗದೆ ಕೂರುವುದನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಕರ್ಣದ ಕ್ರಮದಲ್ಲಿ ಒಂದೊಂದನ್ನೇ ಬಿಗಿಯುವುದು ಸರಿಯಾದ ವಿಧಾನ. ಲೋಹಕ್ಕೆ ಲೋಹ ಸೇರುವ ಪ್ರತಿಯೊಂದು ತಿರುಪಿಗೂ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟಿನ ಒಂದು ಹನಿಯನ್ನು ಹಾಕಬೇಕು. ನಾನು ಮೊದಲ ಸಲ ಇದನ್ನು ಅಲಕ್ಷಿಸಿದ್ದರಿಂದ ಮೂರನೆಯ ಸುತ್ತಿನಲ್ಲೇ ಹಿಂದಿನ ಆಕ್ಸೆಲಿನ ಒಂದು ತಿರುಪು ಪಾರ್ಕಿಂಗಿನಲ್ಲಿ ಎಲ್ಲೋ ಉದುರಿಹೋಯಿತು, ಮತ್ತು ಅದನ್ನು ಹುಡುಕಲು ಟಾರ್ಚು ಹಿಡಿದು ನೆಲದ ಮೇಲೆ ಒಂದು ಗಂಟೆ ತೆವಳಿದೆ.

ಚಾಸಿಗೆ ಸ್ಪ್ರಿಂಗ್ ಪ್ಲೇಟುಗಳನ್ನು ಜೋಡಿಸುವ ಹಂತ ನನಗೆ ಇಡೀ ಕಿಟ್ಟಿನಲ್ಲೇ ಅತ್ಯಂತ ಪ್ರಿಯವಾದುದು. ಉಕ್ಕಿನ ತೆಳುವಾದ ಪಟ್ಟಿಗಳನ್ನು ಉದ್ದದಿಂದ ಗಿಡ್ಡದ ಕಡೆಗೆ ಒಂದರ ಕೆಳಗೊಂದು ಇಟ್ಟು, ನಡುವೆ ಹಿಡಿದು ಬಿಗಿದಾಗ, ಅದು ಪ್ಲಾಸ್ಟಿಕ್ಕಿನ ನಕಲು ಎನಿಸದೆ ನಿಜವಾಗಿ ಭಾರ ಹೊರುವ ಸ್ಪ್ರಿಂಗಾಗಿಯೇ ಕೆಲಸ ಮಾಡುತ್ತದೆ. ಖಾಲಿ ಲಾರಿ ಉಬ್ಬಿನ ಮೇಲೆ ಕುಪ್ಪಳಿಸುತ್ತದೆ, ಟ್ರೇಲರಿನ ಭಾರ ಬಿದ್ದೊಡನೆ ಗಂಭೀರವಾಗುತ್ತದೆ. ಖಾಲಿ ಲಾರಿಯ ಹಿಂದಿನ ಸೀಟಿನಲ್ಲಿ ಕುಳಿತು ಊರಿಗೆ ಹೋದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಗೇರ್‌ಬಾಕ್ಸಿನಲ್ಲಿ ಮೂರು ಗೇರುಗಳಿವೆ. ಮೊದಲ ಗೇರಿನಲ್ಲಿ ಮೋಟಾರು ಸುಮಾರು 32 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ ಸುಮಾರು 18, ಮೂರನೆಯದರಲ್ಲಿ 11ಕ್ಕೆ ಸ್ವಲ್ಪ ಕಡಿಮೆ. ಹೀಗೆ ಮೊದಲ ಮತ್ತು ಮೂರನೆಯ ಗೇರುಗಳ ನಡುವೆ ವೇಗದಲ್ಲಿ ಮೂರು ಪಟ್ಟು ಅಂತರವಿದೆ. ಮೊದಲ ಗೇರಿನಲ್ಲಿ ಲಾರಿ ನಡೆಯುವವನ ಜೊತೆಗೆ ಹೆಜ್ಜೆ ಹಾಕುತ್ತದೆ, ರ್‍ಯಾಂಪನ್ನು ಏದುಸಿರಿಲ್ಲದೆ ಹತ್ತುತ್ತದೆ. ಓಡುತ್ತಿರುವಾಗಲೇ ರಿಮೋಟಿನ ಕಡ್ಡಿಯಿಂದ ಗೇರು ಬದಲಿಸಬಹುದು, ಆದರೆ ವೇಗದ ಕಡ್ಡಿಯನ್ನು ಅರೆಕ್ಷಣ ಸಡಿಲಿಸದಿದ್ದರೆ ಹಲ್ಲುಗಳು ಕಟಕಟನೆ ಪ್ರತಿಭಟಿಸುತ್ತವೆ. ಎರಡು ದಿನಗಳಲ್ಲಿ ಹೆಬ್ಬೆರಳಿಗೆ ಇದು ಒಗ್ಗಿಹೋಗುತ್ತದೆ. ಈ ಪೆಟ್ಟಿಗೆಯನ್ನು ಮುಚ್ಚುವ ಮೊದಲು ಪ್ರತಿ ಗೇರಿಗೂ ಗ್ರೀಸನ್ನು ತೆಳುವಾಗಿ ಸವರಿ, ಶಾಫ್ಟನ್ನು ಕೈಯಿಂದ ತಿರುಗಿಸಿ, ಮೂರೂ ಗೇರುಗಳು ತಾವಾಗಿ ಬಂದು ಕೂರುತ್ತವೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ಲಾರಿ ಪೂರ್ತಿಯಾದ ಮೇಲೆ ಇದನ್ನು ಬಿಚ್ಚುವುದೆಂದರೆ ಅರ್ಧ ಲಾರಿಯನ್ನೇ ಬಿಚ್ಚಿದಂತೆ.

ಕೈಪಿಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಜಪಾನಿ, ಇಂಗ್ಲಿಷ್, ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿದೆ, ಆದರೆ ಓದುವ ಅಗತ್ಯ ಬರುವುದೇ ಅಪರೂಪ. ಚಿತ್ರಗಳೇ ಎಲ್ಲವನ್ನೂ ಹೇಳುತ್ತವೆ. ಪ್ರತಿ ಹಂತಕ್ಕೆ ಬೇಕಾದ ತಿರುಪಿನ ಚಿತ್ರವನ್ನು ನಿಜ ಅಳತೆಯಲ್ಲೇ ಮುದ್ರಿಸಿರುವುದರಿಂದ, ಕೈಯಲ್ಲಿರುವ ತಿರುಪನ್ನು ಕಾಗದದ ಮೇಲೆ ಮಲಗಿಸಿ ಹೌದೋ ಅಲ್ಲವೋ ಎಂದು ನೋಡಿಕೊಳ್ಳಬಹುದು. ಚೀಲಗಳನ್ನೆಲ್ಲ ಒಮ್ಮೆಗೇ ಒಡೆದು ತಟ್ಟೆಗೆ ಸುರಿದುಕೊಂಡರೆ ಮಾತ್ರ ಈ ಸೌಕರ್ಯವೆಲ್ಲ ನೀರುಪಾಲು.

ಕ್ಯಾಬಿನ್ನಿನಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡದಿರಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅದರ ಕವಚ ಗಟ್ಟಿ ಪ್ಲಾಸ್ಟಿಕ್ಕಿನದು, ಬಣ್ಣವನ್ನು ನಾವೇ ಹೊಡೆಯಬೇಕು. ತಮಿಯಾದ ಸ್ಪ್ರೇ ಬಣ್ಣಗಳಲ್ಲಿ ಇಂಥ ಪ್ಲಾಸ್ಟಿಕ್ಕಿಗೆ ಹೊಂದುವುದು ಟಿಎಸ್ ಸರಣಿ. ರೇಸು ಕಾರುಗಳ ಪಾರದರ್ಶಕ ಕವಚಕ್ಕೆ ಬಳಸುವ ಪಿಎಸ್ ಸರಣಿಯನ್ನು ಇಲ್ಲಿ ಹೊಡೆಯಬಾರದು. ಸ್ಪ್ರೇ ಡಬ್ಬಿಗಳನ್ನು ವಿಮಾನದ ಪಾರ್ಸಲಿನಲ್ಲಿ ತರಿಸುವುದು ಕಷ್ಟವಾದ್ದರಿಂದ ಇಲ್ಲಿಯೇ ಹುಡುಕಿಕೊಳ್ಳಬೇಕಾಗುತ್ತದೆ. ನಾನು ಬಣ್ಣ ಹೊಡೆದದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಈಗಷ್ಟೇ ನಿಂತು ಗಾಳಿಯೆಲ್ಲ ಒದ್ದೆಯಾಗಿದ್ದಾಗ. ಕಡುಗೆಂಪು ಬಣ್ಣ ಹತ್ತು ನಿಮಿಷದೊಳಗೆ ಬೂದಿ ಸವರಿದಂತೆ ಬಿಳಿಚಿಕೊಂಡಿತು. ಬೇಗ ಆರುವ ಬಣ್ಣ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಿಳಿಚುವುದು ಅದರಿಂದ. ಒಂದು ವಾರ ಬಿಟ್ಟು, ನೀರಿನ ಎಮರಿ ಕಾಗದದಿಂದ ನಯವಾಗಿ ಉಜ್ಜಿ, ಒಣಬಿಸಿಲಿನ ದಿನ ಬಂದಾಗ ತೆಳುವಾದ ನಾಲ್ಕು ಪದರಗಳಲ್ಲಿ ಮತ್ತೆ ಹೊಡೆದೆ. ಈಗ ಹೊಳಪು ಚೆನ್ನಾಗಿದೆ, ಎಡಬಾಗಿಲಿನ ಅಂಚಿನಲ್ಲಿ ಮಾತ್ರ ಹಳೆಯ ಕಥೆಯ ಒಂದು ಗೆರೆ ಉಳಿದಿದೆ.

ಎಂಎಫ್‌ಸಿ ಘಟಕವನ್ನು ಕೊಳ್ಳಬೇಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೆಡ್‌ಲೈಟು, ಇಂಡಿಕೇಟರು, ಬ್ರೇಕಿನ ದೀಪ, ಹಾರ್ನು, ಎಂಜಿನ್ ಚಾಲೂ ಆಗುವ ಸದ್ದು, ವೇಗಕ್ಕೆ ತಕ್ಕಂತೆ ಏರಿಳಿಯುವ ಗುಡುಗು, ಇವೆಲ್ಲ ಅದರ ಕೊಡುಗೆ. ಜೊತೆಗೆ ನಿಂತಲ್ಲೇ ಕ್ಯಾಬಿನ್ನು ನಡುಗುವಂತೆ ಮಾಡುವ ಒಂದು ಪುಟ್ಟ ಕಂಪಕವೂ ಇದೆ. ಆ ನಡುಕವನ್ನು ನಾನು ಮೊದಲು ಗಿಮಿಕ್ಕೆಂದು ನಕ್ಕಿದ್ದೆ. ಲಾರಿ ಮೇಜಿನ ಮೇಲೆ ನಿಂತು, ಸೈಡ್ ಮಿರರ್ ಮೆಲ್ಲಗೆ ಅದುರುತ್ತ, ಯಾರೋ ಚಹಾ ಕುಡಿಯಲು ಇಳಿದು ಹೋಗಿದ್ದಾರೆ ಎಂಬಂತೆ ಕಾಯುತ್ತಿದ್ದುದನ್ನು ಕಂಡ ಮೇಲೆ ನಗು ನಿಂತಿತು. ಆದರೆ ಸ್ಪೀಕರು ಚಿಕ್ಕದು, ದೊಡ್ಡ ಡೀಸೆಲ್ ಎಂಜಿನ್ನಿನ ಎದೆಗೆ ಬಡಿಯುವ ತಗ್ಗುಸ್ವರ ಅದರಿಂದ ಬರಲಾರದು. ಲಾರಿಯ ಯಂತ್ರಭಾಗಕ್ಕೆ ಹೋಲಿಸಿದರೆ ಈ ಘಟಕದ ಬೆಲೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಿದ್ದೂ ಕೊಳ್ಳುವ ಮನಸ್ಸಿದ್ದರೆ ಕ್ಯಾಬಿನ್ ಕಟ್ಟುವ ಮೊದಲೇ ಕೊಳ್ಳಬೇಕು, ಏಕೆಂದರೆ ದೀಪದ ತಂತಿಗಳನ್ನು ಆಮೇಲೆ ತೂರಿಸುವುದು ಹೊಲಿದ ದಿಂಬಿಗೆ ಹತ್ತಿ ತುಂಬಿದ ಹಾಗೆ.

ಟ್ರೇಲರು ಕಟ್ಟುವಾಗ ಉತ್ಸಾಹ ಇಳಿಯುವುದನ್ನು ಒಪ್ಪಿಕೊಳ್ಳುತ್ತೇನೆ. ಇಲ್ಲಿ ಗೇರಿಲ್ಲ, ಮೋಟಾರಿಲ್ಲ. ಮತ್ತೊಂದು ಅಲ್ಯೂಮಿನಿಯಮ್ ಚೌಕಟ್ಟು, ಚಕ್ರಗಳು, ಆಮೇಲೆ ನಿರಿಗೆ ನಿರಿಗೆಯಾದ ಗೋಡೆಯ ತುಂಡುಗಳನ್ನು ಒಂದರ ಪಕ್ಕ ಒಂದರಂತೆ ಕೂಡಿಸುತ್ತ ಹೋಗುವುದು. ನಲವತ್ತು ಅಡಿಯ ಕಂಟೇನರ್ ಈ ಪ್ರಮಾಣದಲ್ಲಿ ಸುಮಾರು 87 ಸೆಂಟಿಮೀಟರ್ ಉದ್ದವಾಗುತ್ತದೆ. ಅದನ್ನು ಲಾರಿಗೆ ಹೂಡಿದಾಗ ಒಟ್ಟು ಉದ್ದ ಮೀಟರನ್ನು ದಾಟಿ ಹೋಗುವುದರಿಂದ ನಮ್ಮ ಮನೆಯ ಯಾವ ಷೋಕೇಸಿಗೂ ಅದು ಹಿಡಿಸಲಿಲ್ಲ, ಈಗ ದಿವಾನದ ಕೆಳಗಿದೆ. ಮರ್ಸ್ಕ್ ಕಂಪನಿಯ ಹೆಸರಿನ ಸ್ಟಿಕ್ಕರುಗಳನ್ನು ನಿರಿಗೆಗಳ ಮೇಲೆ ಅಂಟಿಸುವ ಕೆಲಸಕ್ಕೆ ಇಬ್ಬರು ಬೇಕು. ಸೋಪಿನ ನೀರನ್ನು ಸಿಂಪಡಿಸಿಕೊಂಡು ಅಂಟಿಸಿದರೆ ಸ್ಟಿಕ್ಕರನ್ನು ಜರುಗಿಸಲು ಅವಕಾಶ ಸಿಗುತ್ತದೆ, ಪ್ರತಿ ತಗ್ಗಿನಲ್ಲಿಯೂ ಕಿವಿಗೆ ಬಳಸುವ ಹತ್ತಿಕಡ್ಡಿಯಿಂದ ಒತ್ತಬೇಕು.

ಟ್ರೇಲರಿನ ಬೆಲೆ ಎದ್ದು ಬರುವುದು ಅದನ್ನು ಹೂಡಿದ ಮೇಲೆ. ಲಾರಿಯ ಬೆನ್ನಿನ ಮೇಲಿರುವ ತಟ್ಟೆಗೆ ಫಿಫ್ತ್ ವೀಲ್ ಎಂದು ಹೆಸರು. ಲಾರಿಯನ್ನು ನಿಧಾನವಾಗಿ ಹಿಂದಕ್ಕೆ ತಂದರೆ ಟ್ರೇಲರಿನ ಅಡಿಯಲ್ಲಿರುವ ಕಿಂಗ್ ಪಿನ್ನು ಎಂಬ ಗೂಟ ಅದರ ಬಾಯಿಗೆ ಜಾರಿ, ಕಟಕ್ ಎಂದು ಬೀಗ ಬೀಳುತ್ತದೆ. ಮುಂದಕ್ಕೆ ಓಡಿಸುವುದನ್ನು ಮಕ್ಕಳೂ ಮಾಡಬಲ್ಲರು. ತಿರುವಿನಲ್ಲಿ ಟ್ರೇಲರು ಒಳಮೂಲೆಯನ್ನು ಕತ್ತರಿಸುವುದರಿಂದ ಲಾರಿಯನ್ನು ಅಗಲಕ್ಕೆ ತೆಗೆದುಕೊಳ್ಳಬೇಕು ಎಂಬುದಷ್ಟೇ ಎಚ್ಚರ. ರಿವರ್ಸ್ ಎಂಬುದು ಬೇರೆಯೇ ವಿದ್ಯೆ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗು ಬಲಕ್ಕೆ ತಿರುಗಬೇಕು, ಬಾಲ ತಿರುಗಲು ತೊಡಗಿದೊಡನೆ ಲಾರಿ ಅದರ ಹಿಂದೆಯೇ ಹೋಗುವಂತೆ ಸ್ಟೀರಿಂಗನ್ನು ಮರಳಿ ಎಡಕ್ಕೆ ತರಬೇಕು. ತಡವಾದರೆ ಎರಡೂ ಮಡಚಿದ ಚಾಕುವಿನಂತೆ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಲಾರಿಯ ಮೂತಿ ನಮ್ಮ ಕಡೆಗಿದ್ದಾಗ ಎಡಬಲಗಳೇ ಅದಲುಬದಲಾಗುವುದು ರಿಮೋಟ್ ವಾಹನಗಳ ಹೆಚ್ಚುವರಿ ಕಾಟ.

ಒಂದು ವಾರ ಒದ್ದಾಡಿದ ಮೇಲೆ ಇದನ್ನು ನನಗೆ ಕಲಿಸಿದವರು ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿಯವರು. ಹಿಂದೆ ಮಂಗಳೂರು ಬಂದರಿಗೆ ಟ್ರೇಲರ್ ಓಡಿಸುತ್ತಿದ್ದವರು. “ಸರ್, ನೀವು ಎದುರಿಗೆ ನಿಂತು ಯಾಕೆ ಒದ್ದಾಡ್ತೀರಿ? ಡ್ರೈವರ್ ಹಿಂದೆ ನಿಲ್ಲಿ, ಅವನು ನೋಡೋ ಕಡೆ ನೀವೂ ನೋಡಿ” ಎಂದು ರಿಮೋಟನ್ನು ಇಸಿದುಕೊಂಡು, ಲಾರಿಯ ಹಿಂದೆಯೇ ಸಣ್ಣ ಹೆಜ್ಜೆ ಇಡುತ್ತ, ಎರಡು ಸ್ಕೂಟರುಗಳ ನಡುವಿನ ಜಾಗಕ್ಕೆ ಎರಡನೆಯ ಯತ್ನದಲ್ಲೇ ಟ್ರೇಲರನ್ನು ನೆಟ್ಟಗೆ ಕೂರಿಸಿದರು. ಆಮೇಲೆ ಲಾರಿಯನ್ನು ಮಗುಚಿ ಕೆಳಭಾಗವನ್ನು ಬಹಳ ಹೊತ್ತು ನೋಡಿ, ಸ್ಪ್ರಿಂಗ್ ಪ್ಲೇಟನ್ನು ಬೆರಳಿನಿಂದ ಒತ್ತಿ, “ಇದು ಸರಿಯಾಗೇ ಮಾಡವ್ರೆ” ಎಂದರು. ಇಂಥವರ ಬಾಯಿಂದ ಈ ಮಾತು ಬಂದದ್ದು ಐದು ನಕ್ಷತ್ರಕ್ಕಿಂತ ದೊಡ್ಡದೆಂದು ನಾನು ಎಣಿಸಿದ್ದೇನೆ.

ಜರ್ಮನಿಯಂಥ ದೇಶಗಳಲ್ಲಿ ಈ ಪ್ರಮಾಣದ ಲಾರಿಗಳಿಗಾಗಿ ಪ್ರದರ್ಶನ ಸಭಾಂಗಣಗಳ ಒಳಗೆ ರಸ್ತೆ, ಗೋದಾಮು, ಮಣ್ಣಿನ ಗಣಿಗಳನ್ನೇ ಕಟ್ಟುತ್ತಾರೆ; ಡಾರ್ಟ್ಮಂಡ್ ನಗರದ ಮಾದರಿ ಮೇಳ ಇದಕ್ಕೆ ಹೆಸರುವಾಸಿ. ನಮಗಿರುವುದು ಪಾರ್ಕಿಂಗಿನ ನೆಲಮಾಳಿಗೆ. ನಯವಾದ ಸಿಮೆಂಟಿನ ನೆಲಕ್ಕೆ ಈ ಲಾರಿ ಹೇಳಿ ಮಾಡಿಸಿದಂತಿದೆ, ಆದರೆ ಹುಲ್ಲು, ಮರಳು, ಮಳೆನೀರು ಇದಕ್ಕೆ ಸಲ್ಲವು. ಒಮ್ಮೆ ಚಾರ್ಜ್ ಮಾಡಿದ ಬ್ಯಾಟರಿ ನನ್ನ ಬಳಕೆಯಲ್ಲಿ ಮುಕ್ಕಾಲು ಗಂಟೆ ಬರುತ್ತದೆ, ಅಷ್ಟು ಹೊತ್ತಿಗೆ ಬೆನ್ನು ಬಗ್ಗಿಸಿದವರಿಗೇ ಸಾಕೆನಿಸಿರುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಮೊದಲು ಲಾರಿಯನ್ನು ಮಾತ್ರ ತರಿಸಿ, ಚಾಸಿಯನ್ನೂ ಗೇರ್‌ಬಾಕ್ಸನ್ನೂ ಕಟ್ಟಿ, ಕ್ಯಾಬಿನ್ ಇಲ್ಲದೆಯೇ ಒಂದೆರಡು ದಿನ ಓಡಿಸಿ ನೋಡಬೇಕು. ಗೇರುಗಳು ಕೂರುವ ಸದ್ದು ಕೇಳಿ ಮನಸ್ಸು ಅರಳದಿದ್ದರೆ ಅಲ್ಲಿಗೇ ನಿಲ್ಲಿಸಿ, ಟ್ರೇಲರಿನ ಹಣವನ್ನು ಉಳಿಸಿಕೊಳ್ಳಬಹುದು. ಅರಳಿದರೆ ಎಂಎಫ್‌ಸಿಯ ವಿಚಾರವನ್ನು ಅಲ್ಲೇ ತೀರ್ಮಾನಿಸಿ, ಕ್ಯಾಬಿನ್ನಿನ ಬಣ್ಣವನ್ನು ಮಳೆಗಾಲ ಕಳೆಯುವವರೆಗೆ ಮುಂದಕ್ಕೆ ಹಾಕಿ, ಟ್ರೇಲರನ್ನು ಕೊನೆಗೆ ತರಿಸಬೇಕು. ಟ್ರೇಲರಿನ ಮುಂಗಾಲುಗಳನ್ನು ಮೋಟಾರಿನಿಂದ ಇಳಿಸುವ ಸಲಕರಣೆಯೊಂದು ಬೇರೆಯಾಗಿ ಸಿಗುತ್ತದೆ. ನಾನು ಅದನ್ನು ಇನ್ನೂ ಕೊಂಡಿಲ್ಲ. ಸದ್ಯಕ್ಕೆ ಮಂಡಿಯೂರಿ ಕೂತು ಕೈಯಿಂದಲೇ ಇಳಿಸುತ್ತಿದ್ದೇನೆ.