ಅಲರ್ಜಿಗೆ ಮದ್ದೆಂದು ಹೂವಿನ ಪರಾಗ ತಿನ್ನಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ಎಲ್ಲವನ್ನೂ ಬರೀ ಆಹಾರ ಬದಲಿಸಿ ವಾಸಿ ಮಾಡುತ್ತೇವೆ ಎಂದು ಊರೂರಲ್ಲಿ ಉಚಿತ ಶಿಬಿರ ಮಾಡುವವರಿದ್ದಾರೆ. ಅವರು ಕೊಡುವ ಡಬ್ಬಿಯಲ್ಲಿ ಜೇನುಹುಳು ತಂದ ಹೂವಿನ ಪರಾಗವಿದ್ದರೆ, ಅಲರ್ಜಿ ಇರುವವರು ಅದನ್ನು ನಾಲಿಗೆಗೂ ತಾಗಿಸಬೇಡಿ. ನನ್ನ ತಂಗಿಯ ಜೀವಕ್ಕೇ ಅದು ಕುತ್ತು ತಂದಿತ್ತು.

ತಂಗಿಯ ಮನೆ ಕಾರವಾರದ ಕೋಡಿಬಾಗದಲ್ಲಿ. ಮಳೆಗಾಲ ಮುಗಿಯುತ್ತಿದ್ದಂತೆ ಅವಳಿಗೆ ಸೀನು ಹತ್ತಿಕೊಳ್ಳುತ್ತದೆ. ಕಡಲ ದಂಡೆಯಲ್ಲಿ ಗಾಳಿಮರದ ಸಾಲು, ರಸ್ತೆಬದಿಯಲ್ಲಿ ಕಾಂಗ್ರೆಸ್ ಕಳೆ. ಎರಡರ ಪರಾಗವೂ ಅಲರ್ಜಿ ಎಬ್ಬಿಸುವಂಥದ್ದು. ವೈದ್ಯರು ಮೂಗಿಗೆ ಬಿಡುವ ಸ್ಪ್ರೇ ಕೊಟ್ಟಿದ್ದರು, ಅದರಿಂದ ಗುಣವೂ ಕಂಡಿತ್ತು. ವರ್ಷವರ್ಷವೂ ಔಷಧಿಯೇ ಗತಿಯೇ ಎಂಬ ಬೇಸರ ಯಾರಿಗೆ ಬರುವುದಿಲ್ಲ? ಅಂಥ ಬೇಸರದಲ್ಲಿದ್ದವರನ್ನೇ ಈ ಜನ ಹುಡುಕುತ್ತಾರೆ.

ಶಿಬಿರದಲ್ಲಿ ರಕ್ತ ಪರೀಕ್ಷೆಯಿಲ್ಲ, ಚರ್ಮದ ಪರೀಕ್ಷೆಯಿಲ್ಲ. ಹಾಲು, ಮೊಸರು, ಗೋಧಿ, ಮೀನು ಬಿಡಿ, ಸ್ಪ್ರೇ ನಿಲ್ಲಿಸಿ ಎಂದು ಎಲ್ಲರಿಗೂ ಒಂದೇ ಚೀಟಿ. ಮನೆಯ ಧೂಳಿನಲ್ಲಿರುವ ನುಸಿಯ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಸಿಗಡಿಯೂ ಆಗುವುದಿಲ್ಲ, ಅದು ನಿಜ. ಆದರೆ ಅದನ್ನು ಪರೀಕ್ಷೆ ಮಾಡಿ ಹೇಳಬೇಕು. ಸುಮ್ಮನೆ ಬಂಗಡೆ, ತಾರ್ಲೆಯನ್ನೆಲ್ಲ ಬಿಡಿಸಿದರೆ ಕರಾವಳಿಯ ಮನೆಯ ತಟ್ಟೆಯಲ್ಲಿ ಶಕ್ತಿ ಕೊಡುವುದು ಏನು ಉಳಿಯುತ್ತದೆ? ಬೆಳೆಯುವ ಮಕ್ಕಳಿಗೂ ಅದೇ ಚೀಟಿ ಕೊಟ್ಟಿದ್ದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಡಬ್ಬಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸಾಸಿವೆಗಿಂತ ತುಸು ದೊಡ್ಡ, ಹಳದಿ, ಕೇಸರಿ, ಕಂದು ಬಣ್ಣದ ಕಾಳುಗಳು. ಮುಚ್ಚಳ ತೆಗೆದರೆ ಒಣಹುಲ್ಲಿನ ವಾಸನೆ. ಚೀಟಿಯಲ್ಲಿ ‘ಶುದ್ಧ ನೈಸರ್ಗಿಕ’ ಎಂಬುದು ದೊಡ್ಡದಾಗಿತ್ತು; ತಯಾರಿಸಿದವರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಎರಡೂ ಇರಲಿಲ್ಲ. ಬರಿಹೊಟ್ಟೆಯಲ್ಲಿ ಒಂದು ಚಮಚ, ಮೇಲೆ ಜೇನುತುಪ್ಪ.

ಮೊದಲ ಸಲ ತಿಂದಾಗಲೇ ತುಟಿ, ಅಂಗುಳ ತುರಿಸಿದವಂತೆ. ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: “ದೇಹದ ವಿಷ ಹೊರಗೆ ಹೋಗುತ್ತಿದೆ, ಬಿಡಬೇಡಿ.” ನಾನು ಈ ಬರಹ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ. ತಿಂದ ಕೂಡಲೇ ಬಾಯಿ ತುರಿಸುವುದು ಮದ್ದು ನಾಟುತ್ತಿರುವ ಲಕ್ಷಣವಲ್ಲ, ಅಪಾಯದ ಮುನ್ಸೂಚನೆ. ಮುಂದಿನ ಸಲ ತಿಂದಾಗ ಕಾಲು ಗಂಟೆಯೊಳಗೆ ಮೈತುಂಬ ದದ್ದೆದ್ದು, ದನಿ ಒಡೆದು, “ಅಕ್ಕಾ, ಗಂಟಲು ಕಟ್ಟುತ್ತಿದೆ” ಎಂದು ಫೋನಿನಲ್ಲಿ ಹೇಳಿದವಳಿಗೆ ಆಮೇಲೆ ಮಾತು ಹೊರಡಲಿಲ್ಲ. ಭಾವ ಆಸ್ಪತ್ರೆಗೆ ಕರೆದೊಯ್ದರು. ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಉಸಿರು ಸರಾಗವಾಯಿತು. ಇಂಥದ್ದು ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದು ಎಂದು ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು.

ಆಗಿದ್ದೇನೆಂದು ವೈದ್ಯರು ಬಿಡಿಸಿ ಹೇಳಿದರು. ಸೂರ್ಯಕಾಂತಿ, ಸೇವಂತಿಗೆ, ಕಾಂಗ್ರೆಸ್ ಕಳೆ ಎಲ್ಲ ಒಂದೇ ಸಸ್ಯ ಕುಟುಂಬದವು. ಜೇನುಹುಳು ಯಾವ ಹೂವಿನಿಂದ ಏನು ತಂದಿದೆ ಎಂದು ಡಬ್ಬಿ ನೋಡಿ ತಿಳಿಯಲಾಗದು. ಯಾವುದು ಮೂಗಿಗೆ ಹೋದರೆ ಸೀನು ಬರುತ್ತದೋ ಅದರ ಹತ್ತಿರದ ನಂಟನ್ನೇ ಚಮಚಗಟ್ಟಲೆ ತಿನ್ನಿಸಿದಂತಾಯಿತು. ಸ್ವಲ್ಪ ಸ್ವಲ್ಪವೇ ಕೊಟ್ಟು ದೇಹವನ್ನು ಒಗ್ಗಿಸುತ್ತೇವೆ ಎಂಬುದು ಮಾರುವವರ ವಾದ. ಅಂಥ ಚಿಕಿತ್ಸೆ ಇದೆ. 1911ರಲ್ಲೇ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಚುಚ್ಚುಮದ್ದಿನಿಂದ ಅದನ್ನು ಆರಂಭಿಸಿದರು. ಆದರೆ ಅಲ್ಲಿ ಯಾವ ಪರಾಗ, ಎಷ್ಟು ಎಂಬುದಕ್ಕೆ ಅಳತೆಯಿರುತ್ತದೆ, ಚುಚ್ಚಿದ ಮೇಲೆ ಅರ್ಧ ಗಂಟೆ ವೈದ್ಯರ ಕಣ್ಣೆದುರೇ ಕೂರಿಸುತ್ತಾರೆ. ಅಡುಗೆಮನೆಯ ಚಮಚಕ್ಕೆ ಆ ಅಳತೆಯೂ ಇಲ್ಲ, ಆ ಕಾವಲೂ ಇಲ್ಲ.

ನಮ್ಮ ಶಿರಸಿ ಕಡೆಯ ತುಡುವೆ ಜೇನು, ಮಿಸರಿ ಜೇನನ್ನು ನಾನು ದೂರುತ್ತಿಲ್ಲ. ಕೆಮ್ಮಿದ್ದಾಗ ಒಂದು ಚಮಚ ಜೇನುತುಪ್ಪ ಗಂಟಲಿಗೆ ಹಿತವೇ. (ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬಾರದು.) ಜೀರಿಗೆ, ಕಾಳುಮೆಣಸಿನ ಬಿಸಿ ಕಷಾಯದಿಂದಲೂ ಹಾಯೆನಿಸುತ್ತದೆ, ಕುಡಿಯಿರಿ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೆದರೆ ಕಟ್ಟಿದ ಮೂಗು ಬಿಡುತ್ತದೆ. ಇವನ್ನೆಲ್ಲ ಔಷಧಿಯ ಜೊತೆಗೆ ಮಾಡಿ, ಔಷಧಿಯ ಬದಲಿಗೆ ಬೇಡ. ಉಬ್ಬಸದ ಇನ್‌ಹೇಲರ್ ಬಳಸುವವರಂತೂ ಯಾರು ಹೇಳಿದರೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಏನನ್ನಾದರೂ ತಿಂದ ಬಳಿಕ ದದ್ದಿನ ಜೊತೆಗೆ ಉಸಿರಾಟ ಕಷ್ಟವಾದರೆ, ದನಿ ಬದಲಾದರೆ, ತಲೆ ತಿರುಗಿದರೆ 108ಕ್ಕೆ ಕರೆ ಮಾಡಿ. ಅಲರ್ಜಿ ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ, ಆ ಹೊತ್ತಿಗೆ ಅದು ಸಾಲದು. ರೋಗಿಯನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಟ್ಟುತ್ತಿದ್ದರೆ ಕೂರಿಸಿಕೊಳ್ಳಿ.

ಉಳಿದ ಕಾಳು, ಡಬ್ಬಿ, ಚೀಟಿ, ಫೋನಿನ ಸಂದೇಶಗಳನ್ನು ಸೇರಿಸಿ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಟ್ಟಿದ್ದೇವೆ. ನಿಮ್ಮ ಮನೆಗೂ ಅಂಥ ಡಬ್ಬಿ ಬಂದಿದ್ದರೆ ಬಿಸಾಡಬೇಡಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು ನೀವೂ ದೂರು ಕೊಡಿ.